ಮೊದಲ ಕೂಸು, ಆಮ್ಯಾಲ ಚೀಟಿ

ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಬೆಳಗ್ಗೆ ಒಂಬತ್ತೂವರೆಗೇ ಚೀಟಿ ಕೌಂಟರಿನ ಸಾಲು ಗೇಟು ಮುಟ್ಟಿತ್ತು. ಸಾಲಿನ ಮಗ್ಗುಲಲ್ಲಿ ಹಿರಿಯ ಸ್ಟಾಫ್ ನರ್ಸ್ ಒಬ್ಬರು ನಡೆಯುತ್ತಿದ್ದರು. ಕೂಸು ಹೊತ್ತವರ ಮುಂದೆ ಮಾತ್ರ ನಿಲ್ಲುತ್ತಾರೆ. ಸೆರಗು ಸರಿಸಿ ಉಸಿರು ನೋಡುತ್ತಾರೆ, ಅಂಗೈ ಮುಟ್ಟುತ್ತಾರೆ, ಉಗುರು ಒತ್ತಿ ಬಿಡುತ್ತಾರೆ. ಕೈ ತಣ್ಣಗಿದ್ದು, ಬಿಳಿಚಿದ ಉಗುರು ಕೆಂಪಾಗಲು ಮೂರು ಸೆಕೆಂಡು ಮೀರಿ, ನಾಡಿ ಕ್ಷೀಣವಾಗಿ ಓಡುತ್ತಿದ್ದರೆ ಅದು ಶಾಕ್, ಅಂದರೆ ರಕ್ತ ಸಂಚಾರ ಕುಸಿದ ಸ್ಥಿತಿ.

“ಯಾಕವ್ವ, ಕೂಸು ಕಣ್ಣ ತೆರೀವಲ್ದು?”

“ರಾತ್ರಿಯಿಂದ ಭೇದಿ ಅದರೀ ಅಕ್ಕಾರ. ಚೀಟಿ ಇನ್ನಾ ಆಗಿಲ್ರಿ.”

“ಮೊದಲ ಕೂಸು, ಆಮ್ಯಾಲ ಚೀಟಿ” ಎನ್ನುತ್ತ ಮಗುವನ್ನು ಎತ್ತಿಕೊಂಡು ಒಳಗೆ ನಡೆದೇಬಿಟ್ಟರು.

ಸಾಲು ನೋಡದೆ, ಅಪಾಯದಲ್ಲಿರುವವರನ್ನು ಮೊದಲು ಆರಿಸುವ ಇದಕ್ಕೆ ವೈದ್ಯರ ಭಾಷೆಯಲ್ಲಿ ಟ್ರಯಾಜ್ ಎಂದು ಹೆಸರು. ಆಸ್ಪತ್ರೆಯಲ್ಲಿ ಸಾಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ದಾಖಲಾದ ಮೊದಲ 24 ಗಂಟೆಯಲ್ಲೇ ಸಾಯುತ್ತಾರೆ. ಸಾಲಿನಲ್ಲಿ ಕಳೆದ ಅರ್ಧ ಗಂಟೆ ಆ ಲೆಕ್ಕಕ್ಕೂ ಮೊದಲೇ ಹೋಗಿರುತ್ತದೆ. ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್‌ನಲ್ಲಿ ಡಾ. ಎಲಿಜಬೆತ್ ಮೊಲಿನೂ ಮತ್ತು ಸಂಗಡಿಗರು ದೊಡ್ಡ ಯಂತ್ರಗಳಿಗೆ ಕಾಯಲಿಲ್ಲ. ಮಕ್ಕಳನ್ನು ಬಂದೊಡನೆ ನೋಡುವ ವ್ಯವಸ್ಥೆ ಮಾಡಿ, ಸಿಬ್ಬಂದಿಗೆ ತರಬೇತಿ ಕೊಟ್ಟರು. ದಾಖಲಾದ ಮಕ್ಕಳ ಸಾವು ನೂರಕ್ಕೆ 10ರಿಂದ 18 ಇದ್ದದ್ದು 6ರಿಂದ 8ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ನಾನು ಮರೆಯಲಾರೆ.

ಒಳಗೆ ಗೋಡೆಗೆ ಹೊಂದಿಕೊಂಡ ಟ್ರಾಲಿ. ಉಸಿರು ಕೊಡುವ ಮಾಸ್ಕುಗಳಲ್ಲಿ ಹಿರಿಯರದ್ದನ್ನೂ ಹಸುಗೂಸಿನದ್ದನ್ನೂ ಬೆರೆಸಿಟ್ಟಿಲ್ಲ, ಅಳತೆಯ ಪ್ರಕಾರ ಜೋಡಿಸಿದ್ದಾರೆ. ಪಕ್ಕದಲ್ಲೇ ತೂಕದ ಯಂತ್ರ; ಮಗುವಿಗೆ ಕೊಡುವ ಬಹುತೇಕ ಔಷಧಗಳು ತೂಕದ ಲೆಕ್ಕ. ರಕ್ತದಲ್ಲಿ ಸಕ್ಕರೆ ಕುಸಿದಿದ್ದರೆ ಶೇ. 10ರ ಗ್ಲೂಕೋಸ್, ಕಿಲೋಗೆ 5 ಮಿ.ಲೀ.

ತರಬೇತಿ ಕೋಣೆಯಲ್ಲಿ ಮೇಜಿನ ಮೇಲೆ ರಬ್ಬರ್ ಗೊಂಬೆಗಳು, ತಟ್ಟೆಯಲ್ಲಿ ಕೋಳಿಕಾಲು! ರಕ್ತನಾಳ ಸಿಗದ ಮಗುವಿಗೆ ಮೊಣಕಾಲ ಕೆಳಗಿನ ಮೂಳೆಯೊಳಕ್ಕೇ ಸೂಜಿ ಇಳಿಸಿ ದ್ರವ ಕೊಡಬಹುದು. ಆ ಕೈಹದ ಕಲಿಯುವುದು ಕೋಳಿಮೂಳೆಯಲ್ಲಿ. ಒಬ್ಬ ಹೌಸ್‌ಸರ್ಜನ್ ಹುಡುಗಿ ಮೂರು ಸಲ ಸೋತಳು. ನಾಲ್ಕನೆಯ ಸಲ ಗಟ್ಟಿ ಮೂಳೆ ದಾಟಿದ ಸೂಜಿ ತಟ್ಟನೆ ಹಗುರಾಯಿತು. ಅವಳ ಮುಖವೂ.

ಕಲಿತದ್ದನ್ನು ತಿದ್ದಿಕೊಳ್ಳುವ ಪಾಠವೂ ಇಲ್ಲಿದೆ. ಜ್ವರ ಬಂದು ರಕ್ತ ಸಂಚಾರ ಕುಗ್ಗಿದ ಮಗುವಿಗೆ ದ್ರವವನ್ನು ಭರದಿಂದ ಹರಿಸಬೇಕೆಂದು ವೈದ್ಯರು ನಂಬಿದ್ದರು. ಉಗಾಂಡ, ಕೀನ್ಯ, ತಾಂಜಾನಿಯಗಳ 3,141 ಮಕ್ಕಳ ಮೇಲಿನ ಅಧ್ಯಯನ 2011ರಲ್ಲಿ ಹೊರಬಂದಾಗ, ಹಾಗೆ ದ್ರವ ಪಡೆದ ಮಕ್ಕಳಲ್ಲೇ ಸಾವು ಹೆಚ್ಚೆಂದು ತಿಳಿಯಿತು. ಆದರೆ ಬೆಳಗ್ಗೆ ಕಂಡ, ಭೇದಿಯಿಂದ ಒಣಗಿದ ಕೂಸಿಗೆ ದ್ರವವೇ ಜೀವ. ಭೇದಿಯ ಮಕ್ಕಳು ಆ ಅಧ್ಯಯನದಲ್ಲಿರಲಿಲ್ಲ. ಎರಡನ್ನೂ ಬೇರೆಯಾಗಿ ಕಾಣುವ ಕಣ್ಣು ಒಂದು ದಿನದ ಶಿಬಿರದಿಂದ ಬರುವುದಿಲ್ಲ. ತಿಂಗಳು ತಿಂಗಳೂ ಅಭ್ಯಾಸ ಬೇಕು. ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವ ತರಬೇತಿಗಳು ನನಗೆ ಸಂಕಟ ತರುತ್ತವೆ.

ಮಧ್ಯಾಹ್ನ ತರಬೇತಿಗೆ ಬಂದ ತಂಡ ನೋಡಿ ನನ್ನ ಮನಸ್ಸು ತುಂಬಿತು. ಗೇಟಿನ ಕಾವಲುಗಾರ, ಇಬ್ಬರು ಆಯಾಗಳು, ಚೀಟಿ ಬರೆಯುವ ಹುಡುಗ. ಮಗುವನ್ನು ಎಲ್ಲರಿಗಿಂತ ಮೊದಲು ಕಾಣುವವರು ಇವರೇ ತಾನೆ? ಫಿಟ್ಸ್, ನೀಲಿಗಟ್ಟಿದ ತುಟಿ, ಎಬ್ಬಿಸಿದರೂ ಏಳದ ನಿದ್ದೆ: ಇವನ್ನು ಗುರುತಿಸಿ ಕೂಗಿ ಕರೆಯಲು ಅವರಿಗೆ ಕಲಿಸುತ್ತಿದ್ದರು.

ಮೂರು ಗಂಟೆಗೆ ಕೌಂಟರು ಮತ್ತೆ ತೆರೆಯಿತು. ಹುಡುಗ ಪೆನ್ನು ಹಿಡಿದವನು ಬರೆಯಲಿಲ್ಲ. ಎದ್ದು ನಿಂತು, ಕಿಂಡಿಯಿಂದ ಬಗ್ಗಿ, ತಾಯಿಯ ತೋಳಲ್ಲಿದ್ದ ಕೂಸನ್ನು ನೋಡಿದ. ಆಮೇಲೆ ಹೆಸರು ಕೇಳಿದ.