ಅಜ್ಜನ ಫೋಟೋದಲ್ಲಿರೋದು ಸ್ಪಿಟ್‌ಫೈರಾ?

ಹಳೇ ಫೋಟೋದಲ್ಲಿರೋ ವಿಮಾನ ಯಾವುದು ಅಂತ ಪತ್ತೆ ಮಾಡೋದು ಹೇಗೆ, ಅನ್ನೋ ವಿಡಿಯೊದ ಬರಹ ರೂಪ ಇದು. ಮಾತಾಡುವಾಗ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಾನೂ ಸೇರಿಸಿದ್ದೀನಿ.

ಹುಬ್ಬಳ್ಳಿಯ ನಮ್ಮ ಮನೆ ಪಡಸಾಲೆಯಲ್ಲಿ ಫ್ರೇಮ್ ಹಾಕಿದ ಒಂದು ಫೋಟೋ ಇದೆ. ಖಾಕಿ ಚಡ್ಡಿ ಹಾಕಿಕೊಂಡು ನಿಂತ ನಮ್ಮಜ್ಜ, ಹಿಂದೆ ಒಂದು ದಪ್ಪ ವಿಮಾನ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಜ್ಜ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದರು. ಕೆಳಗಿನ ರಟ್ಟಿನ ಮೇಲೆ ಯಾರೋ ಶಾಯಿಯಲ್ಲಿ 'ಸ್ಪಿಟ್‌ಫೈರ್, 1942' ಅಂತ ಬರೆದಿದ್ದಾರೆ. ದೊಡ್ಡಪ್ಪ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳ್ತಾರೆ. ಅಜ್ಜ ತೀರಿಕೊಂಡಾಗ ಪೇಪರಿಗೆ ಕೊಟ್ಟ ಶ್ರದ್ಧಾಂಜಲಿಯಲ್ಲೂ ಅದೇ ಇತ್ತು. ಪುಣೆಯಲ್ಲಿ ಕೂತು, ತಂಗಿ ಕಳಿಸಿದ ಸ್ಕ್ಯಾನನ್ನ ಝೂಮ್ ಮಾಡಿ ನೋಡಿದೆ. ಅದು ಸ್ಪಿಟ್‌ಫೈರ್ ಅಲ್ಲ ಅಂತ ಹತ್ತು ಸೆಕೆಂಡಲ್ಲೇ ಗೊತ್ತಾಯ್ತು.

ಹೇಗೆ ಅಂದರೆ, ಮೂತಿಯಿಂದ. ಸ್ಪಿಟ್‌ಫೈರಿನ ಎಂಜಿನ್ ನೀರಿನಿಂದ ತಣ್ಣಗಾಗೋ ಉದ್ದನೆಯ ಎಂಜಿನ್, ಸಿಲಿಂಡರ್‌ಗಳು ಎರಡು ಸಾಲಲ್ಲಿ ಒಂದರ ಹಿಂದೊಂದು ಕೂತಿರುತ್ತವೆ. ಹಾಗಾಗಿ ಮೂತಿ ಚೂಪು. ನಮ್ಮ ಫೋಟೋದ ವಿಮಾನದ್ದು ಡ್ರಮ್ಮಿನ ಹಾಗೆ ದುಂಡು ಮೂತಿ. ಅಂದರೆ ಗಾಳಿಯಿಂದ ತಣ್ಣಗಾಗೋ ರೇಡಿಯಲ್ ಎಂಜಿನ್, ಸಿಲಿಂಡರ್‌ಗಳು ಸುತ್ತಲೂ ಹೂವಿನ ದಳದ ಹಾಗೆ.

ಇಲ್ಲಿ ಬಹಳ ಜನ ತಪ್ಪು ಮಾಡ್ತಾರೆ. ಮೊದಲು ಒಂದು ಹೆಸರು ಹಿಡಿದುಕೊಂಡು ಆಮೇಲೆ ಅದಕ್ಕೆ ಸಾಕ್ಷಿ ಹುಡುಕ್ತಾರೆ. ನಾವು ಬಗ್ ಹುಡುಕುವಾಗ ಮಾಡೋದು ಇದರ ಉಲ್ಟಾ, ಅಲ್ವಾ? ಯಾವುದು ಅಲ್ಲ ಅನ್ನೋದನ್ನ ತೆಗೀತಾ ಹೋಗೋದು. ವಿಮಾನಕ್ಕೂ ಅದೇ ದಾರಿ. ರೆಕ್ಕೆ ಎಷ್ಟು, ಬಾಡಿಯ ಕೆಳಗಾ ಮೇಲಾ, ಎಂಜಿನ್ ಎಷ್ಟು, ಪ್ರೊಪೆಲ್ಲರಿಗೆ ಎಷ್ಟು ಬ್ಲೇಡು, ಸೀಟು ಎಷ್ಟು, ಚಿಕ್ಕ ಚಕ್ರ ಬಾಲದಲ್ಲಾ ಮೂತಿಯ ಕೆಳಗಾ. ಎಲ್ಲಾನೂ ಒಂದು ಕಾಗದದ ಮೇಲೆ ಬರೀರಿ. ಹೆಸರು ಮಾತ್ರ ಬರೀಬೇಡಿ.

ನನ್ನ ಕಾಗದದಲ್ಲಿ ಇದ್ದದ್ದು: ಒಂದು ಎಂಜಿನ್, ರೇಡಿಯಲ್, ರೆಕ್ಕೆ ಕೆಳಗೆ, ಮೂರು ಬ್ಲೇಡು, ಉದ್ದನೆಯ ಗಾಜಿನ ಮುಚ್ಚಳ, ಅದರೊಳಗೆ ಹಿಂದೆ-ಮುಂದೆ ಇಬ್ಬರಿಗೆ ಜಾಗ. ಆಗ ಭಾರತದಲ್ಲಿದ್ದ ವಿಮಾನಗಳಲ್ಲಿ ಹಾರ್ವರ್ಡ್ ತರಬೇತಿ ವಿಮಾನಕ್ಕೆ ಎರಡೇ ಬ್ಲೇಡು, ಹೋಯ್ತು. ಥಂಡರ್‌ಬೋಲ್ಟಿಗೆ ನಾಲ್ಕು ಬ್ಲೇಡು, ಸೀಟು ಒಂದು, ಅದೂ ಹೋಯ್ತು. ಮೋಹಾಕ್‌ಗೆ ಮೂರು ಬ್ಲೇಡು ಸರಿ, ಆದರೆ ಒಂಟಿ ಸೀಟು.

ರೆಕ್ಕೆ ನನ್ನನ್ನ ಒಂದು ವಾರ ದಾರಿ ತಪ್ಪಿಸ್ತು. ಬಾಡಿಯ ಹತ್ತಿರ ಕೆಳಗೆ ಇಳಿದು ಮತ್ತೆ ಮೇಲೆ ಏರಿದ ಹಾಗೆ ಕಾಣ್ತಿತ್ತು. ಫೋನಿನ ಇಮೇಜ್ ಸರ್ಚ್ ಕೂಡ ಅದನ್ನೇ ನಂಬಿ 'ಕೋರ್ಸೇರ್' ಅಂತ ಗಟ್ಟಿಯಾಗಿ ಹೇಳ್ತು. ಕೋರ್ಸೇರಿನ ರೆಕ್ಕೆ ನಿಜವಾಗಿಯೂ ಹಾಗೆ ಬಗ್ಗಿದೆ, ಆದರೆ ಸೀಟು ಒಂದೇ. ಎರಡು ಸೀಟು ಇದ್ದು, ರೆಕ್ಕೆ ಬಗ್ಗಿದ ಹಾಗೆ *ಕಾಣೋ* ವಿಮಾನ ಯಾವುದು? ಅಮೆರಿಕದ ವಲ್ಟೀ ವೆಂಜೆನ್ಸ್, ಡೈವ್ ಬಾಂಬರ್.

ಇದರ ಕತೆ ಮಜವಾಗಿದೆ. ವಿನ್ಯಾಸ ಮಾಡುವಾಗ ಗುರುತ್ವ ಕೇಂದ್ರದ ಲೆಕ್ಕ ತಪ್ಪಿತ್ತು. ರೆಕ್ಕೆಯ ಬುಡವನ್ನೇ ಮತ್ತೆ ವಿನ್ಯಾಸ ಮಾಡೋ ಬದಲು, ನಡುಭಾಗವನ್ನ ಹಿಂದಕ್ಕೆ ಓರೆ ಮಾಡಿ ರೆಕ್ಕೆಯನ್ನ ಹಿಂದೆ ಸರಿಸಿದರು. ನಮ್ಮ ಭಾಷೇಲಿ ಹೇಳೋದಾದ್ರೆ ಪ್ರೊಡಕ್ಷನ್‌ಗೆ ಹೋದ ಹಾಟ್‌ಫಿಕ್ಸ್! ಆ ಓರೆಯಿಂದಾಗಿ ಕೆಲವು ಕೋನದಿಂದ ರೆಕ್ಕೆ ಕೆಳಗೆ ಬಗ್ಗಿದ ಹಾಗೆ ಕಾಣುತ್ತೆ, ನಿಜವಾಗಿ ಬಗ್ಗಿಲ್ಲ. ಹಾಗಾಗಿ ಒಂದೇ ಕೋನದ ಫೋಟೋದಲ್ಲಿ ರೆಕ್ಕೆಯ ಆಕಾರವನ್ನ ಕಣ್ಣು ಮುಚ್ಚಿ ನಂಬಬೇಡಿ. ಬ್ಲೇಡು, ಸೀಟು ಎಣಿಸೋದು ಹೆಚ್ಚು ಗಟ್ಟಿ.

ಇನ್ನು ಇಸವಿ. ಬ್ರಿಟಿಷ್ ವಿಮಾನಗಳ ವೃತ್ತದ ಗುರುತಿನ ನಡುವೆ ಕೆಂಪು ಇರ್ತಿತ್ತು. ಜಪಾನಿನ ಗುರುತೂ ಕೆಂಪು ಸೂರ್ಯ. ಗಡಿಬಿಡಿಯಲ್ಲಿ ನಮ್ಮವರೇ ನಮ್ಮವರನ್ನ ಹೊಡೆಯಬಾರದು ಅಂತ ಈ ಕಡೆಯ ಯುದ್ಧರಂಗದಲ್ಲಿ ಆ ಕೆಂಪು ತೆಗೆದರು. ಅಮೆರಿಕದವರೂ 1942ರ ಮೇ ತಿಂಗಳಲ್ಲಿ ತಮ್ಮ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನ ತೆಗೆದರು. 1943ರ ಮಧ್ಯದಲ್ಲಿ ನಕ್ಷತ್ರದ ಎರಡೂ ಬದಿಗೆ ಪಟ್ಟಿ ಬಂತು, 1947ರಲ್ಲಿ ಆ ಪಟ್ಟಿಯೊಳಗೆ ಕೆಂಪು ಗೆರೆ. ಗುರುತು ನೋಡಿದರೇ ಫೋಟೋದ ಕಾಲ ಅಂದಾಜಾಗುತ್ತೆ. ಆದರೆ ಎಚ್ಚರ, ಮೊದಲ ಮಹಾಯುದ್ಧದ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣ್ತಿರಲಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ, ನೀಲಿ ತೆಳುವಾಗಿ ಬರುತ್ತೆ. ಇದು ಗೊತ್ತಿಲ್ಲದಿದ್ದರೆ ಬಣ್ಣವನ್ನ ಪೂರ್ತಿ ಉಲ್ಟಾ ಓದ್ತೀವಿ.

ನಮ್ಮ ಫೋಟೋದಲ್ಲಿ ಗಾಢ ವೃತ್ತದ ನಡುವೆ ತೆಳು ಬೊಟ್ಟು, ಅಂದರೆ ಕೆಂಪು ತೆಗೆದಾಗಿದೆ. ವೆಂಜೆನ್ಸ್ ಹಾರಿಸಿದ ಭಾರತೀಯ ಸ್ಕ್ವಾಡ್ರನ್‌ಗಳು ಎರಡು, 7 ಮತ್ತು 8. ಎರಡೂ ಶುರುವಾಗಿದ್ದೇ 1942ರ ಡಿಸೆಂಬರ್‌ನಲ್ಲಿ. 1944ರಲ್ಲಿ ಅವು ಬರ್ಮಾ ಗಡಿಯಲ್ಲಿ ಬಾಂಬ್ ಹಾಕ್ತಿದ್ದವು. ಹಾಗಾಗಿ ರಟ್ಟಿನ ಮೇಲಿನ 1942ಕ್ಕಿಂತ 1943-44 ಹೆಚ್ಚು ಹೊಂದುತ್ತೆ.

ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಹಂಗಾರ ನಿಮ್ಮಜ್ಜ ಸುಳ್ಳ ಹೇಳ್ಯಾರೇನು?" ಅಂದರು.

ಇಲ್ಲ. 8ನೇ ಸ್ಕ್ವಾಡ್ರನ್ 1944ರಲ್ಲಿ ವೆಂಜೆನ್ಸ್ ಬಿಟ್ಟು ಸ್ಪಿಟ್‌ಫೈರ್‌ಗೆ ಹೋಯ್ತು. 7ನೆಯದು ಹರಿಕೇನ್‌ಗೆ. ಅಜ್ಜ 8ರಲ್ಲಿ ಇದ್ದಿದ್ದರೆ ಸ್ಪಿಟ್‌ಫೈರ್ ರಿಪೇರಿ ಮಾಡಿದ ಮಾತು ನಿಜವೇ ಇರಬಹುದು, ಬರಹ ಮಾತ್ರ ಬೇರೆ ಫೋಟೋದ ಕೆಳಗೆ ಬಿದ್ದಿದೆ. ಇದನ್ನ ತೀರ್ಮಾನ ಮಾಡೋಕೆ ಬಾಲದ ಹತ್ತಿರ ಬರೆದಿರೋ ಸೀರಿಯಲ್ ನಂಬರ್ ಬೇಕು. ಎರಡು ಇಂಗ್ಲಿಷ್ ಅಕ್ಷರ, ಮೂರು ಅಂಕಿ. ಅದು ಸಿಕ್ಕರೆ ಆ ವಿಮಾನ ಯಾವ ಸ್ಕ್ವಾಡ್ರನ್ನಿನಲ್ಲಿತ್ತು ಅಂತ ಹುಡುಕಬಹುದು. ನಮ್ಮ ಸ್ಕ್ಯಾನಿನಲ್ಲಿ ಮೊದಲ ಅಕ್ಷರದ ಅರ್ಧ ಮಾತ್ರ ಕಾಣುತ್ತೆ, ಉಳಿದದ್ದು ಫ್ರೇಮಿನ ಕಟ್ಟಿನ ಕೆಳಗೆ ಮುಚ್ಚಿಹೋಗಿದೆ. ದೀಪಾವಳಿಗೆ ಊರಿಗೆ ಹೋದಾಗ ಫ್ರೇಮ್ ಬಿಚ್ಚೋಕೆ ದೊಡ್ಡಪ್ಪ ಒಪ್ಪಿದ್ದಾರೆ. ಒಂದೇ ಷರತ್ತು: ಮೊಳೆ ಅವರೇ ತೆಗೀತಾರಂತೆ, ನಾನು ಮುಟ್ಟೋ ಹಾಗಿಲ್ಲ.