ಗಣಿತದಲ್ಲಿ ಗತಿಯುಳ್ಳ ಮಕ್ಕಳಿಗೆ ಯಾವ ಕಾಲೇಜು?

ದ್ವಿತೀಯ ಪಿ.ಯು.ಸಿ. ಫಲಿತಾಂಶವು ಹೊರಬೀಳುತ್ತಲೇ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಮನೆಯಲ್ಲಿಯೂ ವರ್ಷವರ್ಷವೂ ಒಂದೇ ಮಾತು ನಡೆಯುವುದು: ಗಣಿತದಲ್ಲಿ ನೂರಕ್ಕೆ ನೂರು ತಂದವನು ಇಂಜಿನಿಯರಿಂಗಿಗಲ್ಲದೆ ಮತ್ತೆಲ್ಲಿಗೆ ಹೋಗಬೇಕು? ಇಂಜಿನಿಯರಿಂಗು ಕೀಳೆಂದು ನಾವು ಹೇಳುವವರಲ್ಲ. ಆದರೆ ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಅವುಗಳಿಗಾಗಿಯೇ ಪ್ರೀತಿಸುವ ವಿದ್ಯಾರ್ಥಿಗೆ ಬೇರೊಂದು ದಾರಿಯುಂಟೆಂಬುದು ತಂದೆತಾಯಿಗಳಿಗೆ ತಿಳಿಯುವಷ್ಟರಲ್ಲಿ ಬಾಗಿಲು ಮುಚ್ಚಿಹೋಗಿರುತ್ತದೆ.

ಪ್ರಶಾಂತಚಂದ್ರ ಮಹಾಲನೋಬಿಸರು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಇಲ್ಲಿ ಗಣಿತದ ಆನರ್ಸ್ ಪದವಿ, ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರದ ಆನರ್ಸ್ ಪದವಿ. ಈ ಎರಡು ತರಗತಿಗಳಿಗೆ ಬೋಧನಾ ಶುಲ್ಕ ತೆಗೆದುಕೊಳ್ಳದೆ ವಿದ್ಯಾರ್ಥಿವೇತನವನ್ನೇ ಕೊಡುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಆಯಾ ವರ್ಷದ ಪ್ರಕಟಣೆಯನ್ನು ಮಾತ್ರ ನೋಡಿಕೊಳ್ಳತಕ್ಕದ್ದು. ಚೆನ್ನೈನ ಗಣಿತ ಸಂಸ್ಥೆಯೂ ಇದೇ ದರ್ಜೆಯದು. ಪ್ರವೇಶವು ಸಿ.ಇ.ಟಿ.ಯಿಂದಲ್ಲ, ಮುಖ್ಯವಾಗಿ ಆ ಸಂಸ್ಥೆಗಳದೇ ಪರೀಕ್ಷೆಯಿಂದ. ಪರೀಕ್ಷೆಯು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅರ್ಜಿಯ ಗಡುವಾದರೋ ನಮ್ಮ ಹುಡುಗರು ಪಿ.ಯು. ಪರೀಕ್ಷೆಯ ಗಡಿಬಿಡಿಯಲ್ಲಿರುವಾಗಲೇ ಬಂದುಹೋಗುವುದು. ಪ್ರಶ್ನೆಗಳು ಕಂಠಪಾಠಕ್ಕೆ ದಕ್ಕುವಂತಹವಲ್ಲ. ಪ್ರಥಮ ವರ್ಷದಿಂದಲೇ ಹಳೆಯ ಪ್ರಶ್ನಪತ್ರಿಕೆಗಳನ್ನು ಬಿಡಿಸುತ್ತ ಬರಬೇಕು.

ಜಗಳೂರಿನಿಂದ ಹರಪನಹಳ್ಳಿಯಾಚೆ ಇರುವ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ.ಆರ್. ರಾಯರು ಗಣಿತದ ಎಂ.ಎ. ಮುಗಿಸಿ ಕಲ್ಕತ್ತೆಗೆ ಹೋದುದು ಯುದ್ಧಕಾಲದ ಸೈನ್ಯದಲ್ಲಿ ನೌಕರಿ ಹುಡುಕಿಕೊಂಡು. ಅದು ದೊರೆಯಲಿಲ್ಲ. ಸಾಂಖ್ಯಿಕ ಸಂಸ್ಥೆಯ ಸುದ್ದಿಯು ಅಲ್ಲಿ ಆಕಸ್ಮಿಕವಾಗಿ ಕಿವಿಗೆ ಬಿದ್ದು, 1941ರಲ್ಲಿ ಸೇರಿದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನವು ಅವರಿಗೆ ಸಂದಿತು. ಅಂದು ಅದೃಷ್ಟವು ಮಾಡಿದ ಕೆಲಸವನ್ನು ಇಂದು ನಮ್ಮ ಉಪಾಧ್ಯಾಯರು ಮಾಡಬೇಡವೆ?

ಎಲ್ಲರೂ ದೂರ ಹೋಗಲಾರರು. ಮಗಳನ್ನು ಕಲ್ಕತ್ತೆಗೆ ಕಳುಹಿಸಲು ಹಿಂಜರಿಯುವ ಮನೆಗಳನ್ನು ನಾವು ಬಲ್ಲೆವು. ಆ ಹಿಂಜರಿಕೆಯನ್ನು ಒಪ್ಪುವವರಲ್ಲ. ದಾವಣಗೆರೆ, ಶಿವಮೊಗ್ಗಗಳಲ್ಲಿಯೋ ಮೈಸೂರಿನ ಯುವರಾಜ ಕಾಲೇಜಿನಲ್ಲಿಯೋ ಬಿ.ಎಸ್‌ಸಿ. ಓದುವವರು ಕಟ್ಟಡವನ್ನು ನೋಡಿ ಮರುಳಾಗದೆ ಒಂದು ಮಾತನ್ನು ವಿಚಾರಿಸಲಿ: ಗಣಿತದೊಡನೆ ಸಂಖ್ಯಾಶಾಸ್ತ್ರವೂ ಪದವಿಯ ವಿಷಯವಾಗಿ ಉಂಟೆ? ಅದನ್ನು ಬಿಟ್ಟು ಪದವಿ ಪಡೆದವನು ಕೇಂದ್ರದ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆಗೆ ಕೂಡಬೇಕಾದರೆ ಸ್ನಾತಕೋತ್ತರ ಪದವಿಯವರೆಗೆ ಕಾಯಬೇಕಾಗುವುದು.

ಈ ಶಾಸ್ತ್ರವು ನಮಗೆ ಪರದೇಶದ್ದೇನೂ ಅಲ್ಲ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಮೆಕ್ಕೆಜೋಳದ ರೈತನಿಗೆ ವಿಮೆಯ ಹಣ ಬರಬೇಕೆ, ಬಂದರೆ ಎಷ್ಟು ಎಂಬುದು ಆಯ್ದ ಕೆಲವು ಹೊಲಗಳ ಬೆಳೆ ಕಟಾವು ಪ್ರಯೋಗದ ಲೆಕ್ಕವನ್ನು ಅವಲಂಬಿಸಿದೆ. ಆ ವಿಧಾನವನ್ನು ಈ ದೇಶದಲ್ಲಿ ಬೆಳೆಸಿದವರಲ್ಲಿ ಮಹಾಲನೋಬಿಸರೂ ಒಬ್ಬರು. ಆ ಲೆಕ್ಕವು ಸರಿಯೋ ತಪ್ಪೋ ಎಂದು ಕೇಳಬಲ್ಲವರು ಈ ತಾಲ್ಲೂಕುಗಳಲ್ಲಿಯೇ ಹುಟ್ಟಬೇಕಾಗಿದೆ.

ಪಿ.ಯು. ಕಾಲೇಜುಗಳ ಪ್ರಾಂಶುಪಾಲರು ಈ ಪ್ರವೇಶಗಳ ವಿವರವನ್ನು ಜನವರಿಯಲ್ಲಿಯೇ ಸೂಚನಾಫಲಕಕ್ಕೆ ಹಾಕಿಸಬೇಕೆಂದೂ, ಗಣಿತದ ಉಪನ್ಯಾಸಕರು ತಕ್ಕ ಮಕ್ಕಳನ್ನು ಕರೆದು ಅರ್ಜಿ ತುಂಬಿಸಬೇಕೆಂದೂ ನಾವು ಬೇಡುತ್ತೇವೆ.