ನಿಮಗಿದು ಗೊತ್ತೆ? ನದಿಯ ಹಾಸುಗಲ್ಲೇ ದೇವಾಲಯ!

ಕಾಂಬೋಡಿಯಾದ ಅಂಗ್ಕೋರ್ ಎಂದೊಡನೆ ನೆನಪಾಗುವುದು ಗೋಪುರಗಳು. ಆದರೆ ಖ್ಮೇರ್ ಅರಸರ ಆ ದೇಗುಲನಗರಿಯ ಆಚೆ, ಕುಲೆನ್ ಬೆಟ್ಟದ ಕಾಡಿನೊಳಗೆ ಗೋಡೆಯೂ ಚಾವಣಿಯೂ ಇಲ್ಲದ ಒಂದು ದೇವಾಲಯವಿದೆ. ಹೆಸರು ಕ್ಬಾಲ್ ಸ್ಪಿಯನ್. 11ನೇ ಶತಮಾನದಲ್ಲಿ ಇಲ್ಲಿನ ಶಿಲ್ಪಿಗಳು ಹೊಳೆಯ ತಳದ ಬಂಡೆಯಲ್ಲೇ ಸಾಲುಸಾಲಾಗಿ ಲಿಂಗಗಳನ್ನು ಕಡೆದರು. ಶೇಷಶಾಯಿ ವಿಷ್ಣುವೂ ಇದ್ದಾನೆ, ಕಮಲದ ಮೇಲೆ ಬ್ರಹ್ಮನೂ ಇದ್ದಾನೆ. ಲೆಕ್ಕಾಚಾರ ಸರಳ: ಲಿಂಗಗಳ ಮೇಲೆ ಹರಿದ ನೀರು ತೀರ್ಥವಾಗಿ ಕೆಳಗಿನ ರಾಜಧಾನಿಯ ಕೆರೆ, ಗದ್ದೆಗಳಿಗೆ ಇಳಿಯಬೇಕು. ದಿನವಿಡೀ ಅಭಿಷೇಕ, ಪೂಜಾರಿಯ ಹಂಗೇ ಇಲ್ಲ!

ಇಂಥದ್ದನ್ನು ನೋಡಲು ಕಾಂಬೋಡಿಯಾದವರೆಗೆ ಹೋಗಲೇಬೇಕೆಂದಿಲ್ಲ. ಶಿರಸಿ ಬಸ್ಸು ಹತ್ತಿದರೂ ಆದೀತು. ಶಿರಸಿಯಿಂದ ಸುಮಾರು 17 ಕಿ.ಮೀ. ದೂರದಲ್ಲಿ, ಶಾಲ್ಮಲಾ ನದಿಯ ಬಂಡೆಗಳ ಮೇಲೆ ನಮ್ಮದೇ ಸಹಸ್ರಲಿಂಗವಿದೆ. ಸೋಂದೆಯ ಅರಸ ಸದಾಶಿವರಾಯನ (1678–1718) ಕಾಲದ್ದೆಂದು ಹೇಳುತ್ತಾರೆ. ಅಂದರೆ ಖ್ಮೇರ್ ಕೆತ್ತನೆಗಿಂತ ಸುಮಾರು 600 ವರ್ಷ ಈಚಿನದು. ಇಲ್ಲಿಯ ಚೆಂದವೇ ಬೇರೆ: ಹಲವು ಲಿಂಗಗಳ ಎದುರು ಪುಟ್ಟ ಬಸವಣ್ಣ ಕಾಲು ಮಡಚಿ ಕೂತಿದ್ದಾನೆ. ಕಾಂಬೋಡಿಯಾದ ಹೊಳೆಯಲ್ಲಿ ಲಿಂಗಗಳು ಒತ್ತೊತ್ತಾಗಿ ಚೌಕಟ್ಟಿನಲ್ಲಿ ಕೂತಿದ್ದರೆ, ಇಲ್ಲಿ ಬಂಡೆ ಸಿಕ್ಕ ಕಡೆಯಲ್ಲೆಲ್ಲ ಒಂದೊಂದು.

ಮಳೆಗಾಲದಲ್ಲಿ ಹೋದರೆ ಬರೀ ಕೆನ್ನೀರು ಕಂಡೀತು. ನೀರಿಳಿದ ಮೇಲೆ, ನವೆಂಬರಿನಿಂದ ಮಾರ್ಚಿನೊಳಗೆ ಹೋಗಿ. ಶಿವರಾತ್ರಿಯ ದಿನ ಮಾತ್ರ ಲಿಂಗಕ್ಕಿಂತ ಜನರೇ ಹೆಚ್ಚು.